ಕುಣಿಮಗ್ಗದ ಮೇಲೆ ಕೊರಿಯಾದ ಹಾಡು

ಇಳಕಲ್ಲಿನ ನಮ್ಮ ಓಣಿಯಿಂದ ನನಗಿಂತ ಮೊದಲು ಬಾಗಲಕೋಟೆಯ ಕಾಲೇಜಿಗೆ ಹೋದ ಹುಡುಗಿಯೊಬ್ಬಳಿದ್ದಳು. ದೀಪಾವಳಿ ರಜೆಗೆ ಊರಿಗೆ ಬಂದಾಗ ಅವಳ ಚೀಲದಲ್ಲಿ ಮೊಬೈಲ್ ಸಿಕ್ಕಿತು. ಯಾರು ಕೊಡಿಸಿದ್ದು, ಯಾರ ಜೊತೆ ಮಾತಾಡುತ್ತಿದ್ದಳು ಎಂದು ಅವಳನ್ನು ಯಾರೂ ಸರಿಯಾಗಿ ಕೇಳಲೂ ಇಲ್ಲ. ರಜೆ ಮುಗಿಯಿತು, ಅವಳು ಬಸ್ ಹತ್ತಲಿಲ್ಲ. ಬೇಸಿಗೆಯಲ್ಲಿ ಅವಳ ಮದುವೆಗೆ ನಾವೆಲ್ಲ ಹೋಗಿ ಉಂಡು ಬಂದೆವು. ಮರಳಿ ಬರುವಾಗ ಅಪ್ಪ ಹೆಜ್ಜೆ ಸಾವಕಾಶ ಮಾಡಿ ನನ್ನ ಪಕ್ಕಕ್ಕೆ ಬಂದ.

"ಓದತೇನಿ ಅಂದ್ರ ಓದಸತೇನಿ. ಆದ್ರ ಇಂಥಾದೊಂದ ಸುದ್ದಿ ನನ್ನ ಕಿವಿಗೆ ಬಿತ್ತು, ಅವತ್ತಿಗೆ ಮುಗೀತ ನೋಡು ನಿನ್ನ ಸಾಲಿ."

ನಾನು "ಹೂಂ" ಅಂದೆ. ಆ ಹೂಂ ಅನ್ನುವುದನ್ನು ಮೂರು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ, ಯಾರೂ ಅದನ್ನು ನನಗೆ ಪುಕ್ಕಟೆ ಕೊಟ್ಟಿಲ್ಲ. ಆದರೆ ಅದು ಕೈತಪ್ಪಿ ಹೋಗುವುದರಲ್ಲಿತ್ತು. ಅದಕ್ಕೆ ಕಾರಣರಾದವರು ನನ್ನನ್ನು ಎಂದೂ ಕಂಡಿರದ ಐದು ಮಂದಿ ಕೊರಿಯಾದ ಹುಡುಗರು.

ಹಾಸ್ಟೆಲಿನಲ್ಲಿ ಮಹಡಿ ಮೇಲಿನ ಖೋಲಿಯಲ್ಲಿ ನರ್ಸಿಂಗ್ ಓದಲು ಮಣಿಪುರದಿಂದ ಬಂದ ಹುಡುಗಿ ಇದ್ದಳು. ನಮಗೆ ಅವಳ ಭಾಷೆ ಬಾರದು, ಅವಳಿಗೆ ನಮ್ಮ ಖಡಕ್ ರೊಟ್ಟಿ ಅಗಿಯಲು ಬಾರದು. ಒಂದು ಭಾನುವಾರ ಅರಿವೆ ಒಣಹಾಕಲು ಮೇಲೆ ಹೋದಾಗ ಅವಳು ಸಣ್ಣ ಸ್ಪೀಕರಿನಲ್ಲಿ ಆ ಕೊರಿಯಾದ ಹುಡುಗರ ಹಾಡು ಹಚ್ಚಿದ್ದಳು. ನಾನು ಹಿಂಡಿದ ಲಂಗವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಒಂದು ಶಬ್ದವೂ ತಿಳಿಯಲಿಲ್ಲ. ಹಾಡು ಮುಗಿದಾಗ ಲಂಗದ ನೀರೆಲ್ಲ ನನ್ನ ಕಾಲ ಮೇಲೆ ಇಳಿದಿತ್ತು. "ಎಗೇನ್?" ಎಂದು ಅವಳು ಕೇಳಿದಳು. ಅಲ್ಲಿಂದ ಸುರುವಾಯಿತು.

ಅದು ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ ಕಾಲ. ಅವರ ಹತ್ತಿರ ಹಿಂದಿ ಇತ್ತು, ಭಜನೆ ಇತ್ತು, ಜಾನಪದ ಇತ್ತು. ಕೊರಿಯಾ ಎಂದರೆ "ಹಂಗಂದ್ರ ಹೊಸಾ ಪಿಕ್ಚರೇನ್ರಿ?" ಎಂದು ಕೇಳುತ್ತಿದ್ದರು. ಹಾಗಾಗಿ ನವನಗರದ ಸೈಬರ್ ಕೆಫೆಯೇ ಗತಿ. ಅರ್ಧ ಗಂಟೆಯಲ್ಲಿ ಎರಡು ಹಾಡು ಇಳಿದರೆ ಆ ದಿನ ಪುಣ್ಯ. ಆ ಅರ್ಧ ಗಂಟೆಯ ದುಡ್ಡಿಗಾಗಿ ನಾನು ಸಂಜೆಯ ಚಹಾ ಬಿಟ್ಟೆ, ಕಾಲೇಜಿಗೆ ನಡೆದುಕೊಂಡು ಹೋದೆ, ತಲೆಗೆ ಶಾಂಪೂ ಬದಲು ಸೀಗೆಕಾಯಿ ಹಚ್ಚಿ "ಇದ ಚಲೋ" ಎಂದೆ. ಬಣ್ಣದ ಪ್ರಿಂಟು ದುಬಾರಿಯಾದ್ದರಿಂದ ಆ ಐದು ಹುಡುಗರ ಫೋಟೊ ಕಪ್ಪು-ಬಿಳುಪಿನಲ್ಲೇ ತೆಗೆಸಿಕೊಂಡಿದ್ದೆ. ನನ್ನ ಟ್ರಂಕಿನಲ್ಲಿ ಐವರಿಗೂ ಕೂದಲು ಬೂದಿಯ ಬಣ್ಣವೇ. ಮಣಿಪುರದವಳು ಊರಿಗೆ ಹೋಗಿ ಬರುವಾಗ ನನಗೊಂದು ಹಳೆಯ ಹಾಡಿನ ಯಂತ್ರ ತಂದುಕೊಟ್ಟಳು. ಕಡ್ಡಿಪೆಟ್ಟಿಗೆಯಷ್ಟು ಗಾತ್ರ, ಬಿಳಿ ವೈರು, ಒಂದು ಕಿವಿ ಮಾತ್ರ ಕೇಳಿಸುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಸಂತೋಷ ಎಷ್ಟಿತ್ತೋ ಅದಕ್ಕಿಂತ ಹೆಚ್ಚು ಹೆದರಿಕೆ ಇತ್ತು. ಕೆಫೆಗೆ ಹೋಗುವಾಗ ಓಢಣಿಯನ್ನು ಮೂಗಿನ ತನಕ ಸುತ್ತಿಕೊಳ್ಳುತ್ತಿದ್ದೆ. ಇಳಕಲ್ಲಿನ ಸೀರೆ ವ್ಯಾಪಾರಿಗಳು ವಾರಕ್ಕೊಮ್ಮೆಯಾದರೂ ಬಾಗಲಕೋಟೆಗೆ ಬರುತ್ತಿದ್ದರು. ಅವರಲ್ಲಿ ಅರ್ಧ ಮಂದಿಗೆ ಅಪ್ಪನ ಗುರುತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಸೀರೆ ಗಂಟು ಹೊತ್ತ ಯಾರನ್ನು ಕಂಡರೂ ಕಂಬದ ಮರೆಗೆ ಸರಿಯುತ್ತಿದ್ದೆ. ಕಿವಿಯಲ್ಲಿ ವೈರು ಇಟ್ಟುಕೊಂಡ ಹುಡುಗಿ ಎಂದರೆ ಫೋನಿನಲ್ಲಿ ಹುಡುಗನ ಜೊತೆ ಮಾತಾಡುವವಳು. ನಮ್ಮ ಓಣಿಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಮೊದಲು ರಜೆ ಕೊಟ್ಟರು. ಮನೆಗೆ ಹೋದರೆ ಅಪ್ಪ ಸೊಂಟ ಹಿಡಿದು ಮಲಗಿದ್ದ. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಬಾಗಿ ನೇಯುವುದು. ಅದಕ್ಕೆ ಸೊಂಟ ಕೊಡದೆ ಯಾವ ನೇಕಾರನೂ ಮುದುಕನಾಗುವುದಿಲ್ಲ. ಮಗ್ಗದ ಮೇಲೆ ಸಾವುಕಾರರು ಹೇಳಿದ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. "ನಾ ಕುಂಡ್ರತೇನಿ ತಗೋ," ಎಂದೆ. ಸಣ್ಣವಳಿದ್ದಾಗಿನಿಂದ ಕಲಿತ ಕೆಲಸ. ಸೆರಗನ್ನು ಒಡಲಿಗೆ ಕೂಡಿಸುವ ನಾಜೂಕಿನ ಭಾಗವನ್ನು ಅಪ್ಪನೇ ಮುಗಿಸಿದ್ದ. ನನ್ನ ಪಾಲಿಗಿದ್ದದ್ದು ಬರೀ ಒಡಲು, ಸೀರೆಯ ನಡುಭಾಗ. ಲಾಳಿ ಓಡಿಸುವುದು, ಹಾಕಿದ ಎಳೆ ಬಿಗಿಯಾಗಲು ಹಣಿಗೆ ಬಡಿಯುವುದು, ಅಷ್ಟೇ.

ಆ ವಾರ ಆ ಐವರ ಹೊಸ ಹಾಡುಗಳು ಬಂದಿದ್ದವು. ಊರಿಗೆ ಹೊರಡುವ ಮುಂಜಾನೆ ಇಳಿಸಿಕೊಂಡಿದ್ದೆ, ಇನ್ನೂ ಕೇಳಿರಲಿಲ್ಲ. ಮನೆಯಲ್ಲಿ ಎಲ್ಲಿ ಕೂತು ಕೇಳುವುದು? ಅಟ್ಟದ ಮೇಲೆ ಹೋದರೆ ಅವ್ವ ಹಿಂದೆಯೇ ಬರುತ್ತಾಳೆ. ಬಚ್ಚಲಲ್ಲಿ ಎಷ್ಟು ಹೊತ್ತು ಇರಲಾದೀತು? ಮಗ್ಗವೇ ಸುರಕ್ಷಿತ ಜಾಗ ಎನ್ನಿಸಿತು. ಅದರ ಸಪ್ಪಳದಲ್ಲಿ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ವೈರನ್ನು ಕುಪ್ಪಸದೊಳಗಿಂದ ತಂದು, ಓಢಣಿಯನ್ನು ತಲೆ ತುಂಬ ಹೊದ್ದು ಕೂತೆ. ಹಾಡನ್ನು ಮಗ್ಗದ ಸಪ್ಪಳ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದ್ದೆ. ಮಗ್ಗದ ಸಪ್ಪಳವನ್ನು ಯಾರಾದರೂ ಕೇಳುತ್ತಿರುತ್ತಾರೆ ಎನ್ನುವುದೇ ತಲೆಗೆ ಹೊಳೆಯಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವಳು ಇದನ್ನು ಹೇಗೆ ಮರೆತೆ ಎಂದು ನನಗೆ ಈಗಲೂ ತಿಳಿಯದು. ಮಗ್ಗ ಒಂದು ಗಳಿಗೆ ನಿಂತರೂ ಅವ್ವ ಒಲೆಯ ಮುಂದಿನಿಂದಲೇ "ಯಾಕ, ಎಳಿ ಹರೀತೇನ?" ಎಂದು ಕೇಳುತ್ತಿದ್ದ ಮನೆ ಅದು.

ಮುಂದಿನದನ್ನು ಅವ್ವ ನನಗೆ ಆಮೇಲೆ ಹೇಳಿದಳು. ಮಧ್ಯಾಹ್ನ ಪಕ್ಕದ ಮನೆಯ ಕಾಕಾ ಅಪ್ಪನನ್ನು ಮಾತಾಡಿಸಲು ಬಂದಿದ್ದ. ಅವನೂ ನೇಕಾರನೇ.

"ಏನಪಾ, ನಿನ್ನ ಮಗ್ಗ ಇವತ್ತ ಕುಣ್ಯಾಕತ್ತೈತಲ್ಲ! ಯಾರ ಕುಂತಾರ?"

"ಹುಡುಗಿ ಕುಂತಾಳ."

"ಹುಡುಗಿ ಕುಂತಾಳೋ, ಡೊಳ್ಳ ಬಡಿಯಾಂವ ಕುಂತಾನೋ? ಕೇಳಲ್ಲಿ. ದಡದಡ ಅಂತೈತಿ, ಸುಮ್ನಾಗತೈತಿ, ಮತ್ತ ದಡದಡ."

ಅಪ್ಪ ನಗಲಿಲ್ಲವಂತೆ. ಗೋಡೆ ಹಿಡಿದು ಎದ್ದನಂತೆ.

ನನಗೆ ಕಂಡದ್ದು ಸೀರೆಯ ಮೇಲೆ ಬಿದ್ದ ನೆರಳು. ತಲೆ ಎತ್ತುವುದರೊಳಗೆ ಓಢಣಿ ಸರಿಯಿತು, ಕಿವಿಯಿಂದ ವೈರು ಜಾರಿತು. ಅಪ್ಪ ಅದನ್ನು ಬೆರಳಿಗೆ ಸುತ್ತಿಕೊಂಡು ಎಳೆದ. ಯಂತ್ರ ನನ್ನ ಎದೆಯಿಂದ ಹೊರಬಂದು ಅವನ ಕೈಯಲ್ಲಿ ತೂಗಾಡಿತು.

"ಯಾರದಾನ ಇದರಾಗ?"

"ಯಾರೂ ಇಲ್ಲಪಾ. ಫೋನಲ್ಲದು, ಹಾಡ ಕೇಳೂದು."

ಅಪ್ಪ ಅದನ್ನು ಕಿವಿಗೆ ಹಚ್ಚಿಕೊಂಡ. ಅದೇ ಹೊತ್ತಿಗೆ ಹಾಡು ನಿಂತು ಒಬ್ಬ ಹುಡುಗ ಬರೀ ಮಾತಾಡುವ ಜಾಗ ಬಂದಿರಬೇಕು. ಅಪ್ಪನ ಮುಖ ಕಪ್ಪಾಯಿತು.

"ಗಂಡಹುಡುಗ ಮಾತಾಡಾಕತ್ತಾನ."

"ಹಾಡಿನ್ಯಾಗ ಹಂಗ ಬರತೈತಪಾ."

"ಯಾವ ಊರಾಂವ?"

"ಕೊರಿಯಾದಾಂವ."

"ಏನಂತಾನ ನಿನಗ?"

"ನನಗೇನೂ ಅನ್ನೂದಿಲ್ಲ. ಅವರ ಭಾಷಾ ನನಗ ತಿಳಿಯೂದಿಲ್ಲ."

"ತಿಳೀಲಾರದ್ದ ಯಾಕ ಕೇಳತಿ?"

ಅಪ್ಪ ಬಗ್ಗಲಾರದೆ ಬಗ್ಗಿ, ನಾನು ನೇಯ್ದ ಭಾಗದ ಅಡಿಗೆ ಕೈ ಹಾಕಿ ಬೆರಳಾಡಿಸಿದ. ಒಂದು ಗೇಣು ಬಿಗಿ, ಮುಂದೆ ಸಡಿಲು, ಮತ್ತೆ ಬಿಗಿ. ಜೋರಿನ ಹಾಡು ಬಂದಲ್ಲಿ ಗಟ್ಟಿಯಾಗಿ ಬಡಿದಿದ್ದೆ, ಮೆಲ್ಲನೆಯ ಹಾಡು ಬಂದಲ್ಲಿ ಹಣಿಗೆ ಹಗುರಾಗಿ ಬಿದ್ದಿತ್ತು. ಬೆಳಕಿಗೆ ಹಿಡಿದರೆ ಪಟ್ಟಿ ಪಟ್ಟಿ ಕಾಣುತ್ತಿತ್ತು. ಸಾವುಕಾರರು ಇಂಥ ಸೀರೆಯನ್ನು ಮುಖದ ಮೇಲೆ ಒಗೆಯುತ್ತಾರೆ. ಆದರೆ ಆಗ ನನಗೆ ಸೀರೆಯ ಚಿಂತೆ ಇರಲಿಲ್ಲ.

"ಮಗ್ಗ ಮುಟ್ಟಿ ಹೇಳು. ಹುಡುಗ ಅದಾನೋ ಇಲ್ಲೋ?"

ನಮ್ಮಲ್ಲಿ ಮಗ್ಗ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ನಾನು ಎರಡೂ ಕೈ ಇಟ್ಟೆ. "ಇಲ್ಲ" ಎಂದೆ. ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. "ಇದ್ದರ ಇಲ್ಲ ಅನ್ನೂದ ಬಿಟ್ಟ ಅದಾನ ಅಂತಾಳೇನ? ಸಾಕ ಮಾಡ್ರಿ ಇನ್ನ. ಕಲ್ತಿದ್ದ ಬೇಕಾದಷ್ಟಾತು," ಎಂದಳು.

ಅಪ್ಪ ನನ್ನನ್ನು ಮಗ್ಗದಿಂದ ಎಬ್ಬಿಸಿ ತಾನೇ ಅಂಚಿಗೆ ಕೂತು, ನಾನು ಅಡ್ಡ ನೇಯ್ದ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ನಾನು ಬಿಚ್ಚಿದ ಎಳೆ ಹಿಡಿದುಕೊಂಡು ಸುತ್ತುತ್ತ ಕೂತೆ. ನೋವಿಗೆ ಅವನ ಹಣೆಯ ಮೇಲೆ ಬೆವರು ಬಂದಿತ್ತು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಾಲೇಜು ಇದೆಯೋ ಮುಗಿಯಿತೋ ಗೊತ್ತಾಗದೆ, ಎಳೆ ಸುತ್ತುವ ಕೈ ಮತ್ತೆ ಮತ್ತೆ ತಪ್ಪುತ್ತಿತ್ತು. ಕೊನೆಯ ಪಟ್ಟಿ ಬಿಚ್ಚಿ ಮುಗಿದಾಗ ಅಪ್ಪ ಹೇಳಿದ:

"ಈ ಕೊರಿಯಾದಾಂವನ್ನ ಎಲ್ಲಿ ನೋಡತಿ, ನನಗ ತೋರಸು. ನಾ ಕಣ್ಣಿಲೆ ನೋಡಬೇಕು. ಆಮ್ಯಾಲ ಹೇಳತೇನಿ."

ಮರುದಿನ ಇಬ್ಬರೂ ಬಾಗಲಕೋಟೆಯ ಬಸ್ ಹತ್ತಿದೆವು. ಹುನಗುಂದ ಬಂತು, ಹೋಯಿತು. ಅಮೀನಗಡದಲ್ಲಿ ಅಪ್ಪ ಯಾವಾಗಲೂ ಕಿಟಕಿಯಿಂದಲೇ ಕರದಂಟು ಕೊಳ್ಳುತ್ತಿದ್ದ. ಅವತ್ತು ಮಾರುವವನ ಕಡೆ ನೋಡಲೂ ಇಲ್ಲ. ಶಿರೂರು ದಾಟಿದ ಮೇಲೆ ನನಗೆ ಕೆಫೆಯ ಚಿಂತೆ ಹತ್ತಿತು. ಇವತ್ತು ಕೆಫೆ ಮುಚ್ಚಿದ್ದರೆ? ಕರೆಂಟು ಇಲ್ಲದಿದ್ದರೆ? ಪ್ರತಿಸಲ ಕರೆಂಟು ಹೋದಾಗ ದುಡ್ಡು ದಂಡವಾಯಿತೆಂದು ಅಳುತ್ತಿದ್ದವಳು, ಈಗ ಕರೆಂಟು ಹೋದರೆ ಡಿಗ್ರಿಯೇ ಹೋಗುತ್ತದೆ ಎಂದುಕೊಂಡೆ. ಇದ್ದರೂ, ಆ ಜಾಗ ಎಂಥದೆಂದು ನನಗೆ ಗೊತ್ತಿತ್ತಲ್ಲ. ಪ್ಲೈವುಡ್ಡಿನ ಗೂಡುಗಳು, ಒಂದೊಂದಕ್ಕೂ ಪರದೆ.

ಕೆಫೆಯೊಳಗೆ ಕಾಲಿಟ್ಟ ಅಪ್ಪ ಮೊದಲು ಕೇಳಿದ್ದೇ ಅದನ್ನು. "ಪರದಾ ಯಾಕ?"

"ಬಿಸಲ ಬೀಳತೈತ್ರಿ ಯಜಮಾನ್ರ," ಎಂದ ಕೆಫೆಯವನು. ಆ ಖೋಲಿಗೆ ಕಿಟಕಿಯೇ ಇರಲಿಲ್ಲ. ನಾನು ಕಣ್ಣಿನಲ್ಲೇ ಬೇಡಿಕೊಂಡರೂ ಅವನು ಬಾಯಿ ಮುಚ್ಚಲಿಲ್ಲ. "ಏನ್ರಿ ಅಕ್ಕಾರ, ಇವತ್ತೂ ಅವರ ಏನ್ರಿ, ನಿಮ್ಮ ಐದ ಮಂದಿ?"

"ಐದ ಮಂದಿ?" ಎಂದ ಅಪ್ಪ.

ನಾನು ಪರದೆಯನ್ನು ಪೂರ್ತಿ ಸರಿಸಿ, ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಹಿಂದೆ ನಿಂತು ಕೀಲಿ ಒತ್ತಿದೆ. ಬೆರಳು ತಪ್ಪಿ ಎರಡು ಸಲ ಬೇರೆ ಏನೋ ತೆರೆಯಿತು. ಮೂರನೆಯ ಸಲ ಅವರು ಬಂದರು. ಬಂದವರು ಕೈ ಮೇಲೆತ್ತಿಕೊಂಡು ಹಾಗೆಯೇ ನಿಂತರು. ನೆಟ್ಟು ನಿಧಾನವಾಗಿತ್ತು.

"ಯಾಕ ನಿಂತಾರ?"

"ಬರತಾರಪಾ. ಒಂದೀಟ ತಡಿ."

ಕೆಂಪು ಕೂದಲು, ಹಳದಿ ಕೂದಲು. ಅಪ್ಪ ಮುಖವನ್ನು ಕಂಪ್ಯೂಟರಿಗೆ ಹಚ್ಚಿ ನೋಡಿದ. "ಕಣ್ಣಿಗೆ ಕಾಡಿಗಿ ಹಚ್ಚ್ಯಾರಲ್ಲ. ಬಯಲಾಟದ ಮಂದಿ ಏನಿವ್ರು?"

"ಹೂಂ, ಹಂಗ ಅಂತ ತಿಳಕೋ."

ಹಾಡು ಹರಿಯತೊಡಗಿತು. ಕುಣಿತ ಮುಗಿದು ಎದುರಿನ ಜನಸಾಗರ ಕಂಡಿತು. ಹುಡುಗಿಯರೇ ಹುಡುಗಿಯರು. ಕೈಯಲ್ಲಿ ದೀಪದ ಕಡ್ಡಿ, ಕೆಲವರು ಅಳುತ್ತಿದ್ದರು. ಈ ಭಾಗ ಬರುತ್ತದೆಂದು ಮರೆತೇ ಬಿಟ್ಟಿದ್ದೆ.

"ಇವ್ರೆಲ್ಲಾ ಯಾರ ಮಕ್ಕಳು?"

"ಅಲ್ಲೀ ಮಂದಿ. ಹಾಡ ಕೇಳಾಕ ಬಂದಾರ."

"ಇವ್ರಪ್ಪಗೋಳು?"

"ಮನ್ಯಾಗ ಇರತಾರೇನೋಪಾ."

ಅಪ್ಪ ಬಹಳ ಹೊತ್ತು ಆ ಹುಡುಗಿಯರನ್ನೇ ನೋಡಿದ. "ಈ ಐದರಾಗ ಒಬ್ಬವಂಗರ ನಿನ್ನ ಗುರ್ತ ಐತೇನ?"

"ಇಲ್ಲ."

"ನಿನ್ನ ಹೆಸರ?"

"ಇಲ್ಲಪಾ. ನಾ ಒಬ್ಬಾಕಿ ಅದೇನಿ ಅನ್ನೂದ ಸುದ್ದಾ ಅವರಿಗೆ ಗೊತ್ತಿಲ್ಲ."

ನನ್ನನ್ನು ಉಳಿಸಬಲ್ಲ ಮಾತು ಅದೊಂದೇ ಆಗಿತ್ತು. ಆದರೂ ಆವರೆಗೆ ನಾನು ಅದನ್ನು ನನಗೇ ಹೇಳಿಕೊಂಡಿರಲಿಲ್ಲ.

ಅಪ್ಪ ಸೊಂಟ ಹಿಡಿದು ಎದ್ದ. ಕೆಫೆಯವನ ದುಡ್ಡನ್ನು ತಾನೇ ಕೊಟ್ಟ. ಹಾಸ್ಟೆಲ್ ಗೇಟಿನ ತನಕ ಇಬ್ಬರೂ ನಡೆದೆವು. ಅಲ್ಲಿ ನಿಂತು ಅವನು ಕೇಳಿದ್ದು ಒಂದೇ, "ಪರೀಕ್ಷಾ ಯಾವಾಗ?" ಹೇಳಿದೆ.

"ಅಲ್ಲೀತನಕ ಊರಿಗೆ ಬರಬ್ಯಾಡ. ನಾ ನಿಮ್ಮವ್ವಗ ಹೇಳಿಕೋತೇನಿ. ಪಾಸಾಗಿ ಬಾ." ನಾಲ್ಕು ಹೆಜ್ಜೆ ಹೋದವನು ತಿರುಗಿದ. "ಮತ್ತ ನೀ ಇನ್ನ ಮಗ್ಗಕ್ಕ ಕುಂಡ್ರಬ್ಯಾಡ. ನಿನ್ನ ಕೈ ಈಗ ನಂಬೂಹಂಗಿಲ್ಲ."

ಓದು ಉಳಿಯಿತು ಎಂದು ಕುಣಿದಾಡಬೇಕಿತ್ತು. ಆದರೆ ಅವನು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನಲ್ಲೇ ನಿಂತಿದ್ದೆ. ಪಾಸಾಗದಿದ್ದರೆ ನನಗೆ ಇನ್ನು ಮರಳಿ ಹೋಗಿ ಕೂರಲು ಮಗ್ಗವೂ ಇಲ್ಲ. ಅಲ್ಲಿಯ ತನಕ ಸಿಕ್ಕಿಬೀಳುವ ಹೆದರಿಕೆಯೊಂದೇ ನನಗೆ ಗೊತ್ತಿತ್ತು. ಫೇಲಾಗುವ ಈ ಹೆದರಿಕೆ ಅದಕ್ಕಿಂತ ದೊಡ್ಡದು, ಇದರಿಂದ ಓಢಣಿ ಮುಚ್ಚಿಕೊಂಡು ಪಾರಾಗುವಂತಿರಲಿಲ್ಲ. ಮೇಲಿನ ಖೋಲಿಯಿಂದ ಹಾಡು ಕೇಳಿಸುತ್ತಿತ್ತು. ನಾನು ಮೆಟ್ಟಿಲು ಹತ್ತಲಿಲ್ಲ. ನನ್ನ ಖೋಲಿಗೆ ಹೋಗಿ ಬಾಗಿಲು ಹಾಕಿ ಪುಸ್ತಕ ತೆರೆದೆ. ಸಂಜೆಯವರೆಗೂ ಒಂದೇ ಪುಟ ಕಣ್ಣ ಮುಂದಿತ್ತು, ಒಂದಕ್ಷರವೂ ತಲೆಗೆ ಇಳಿಯಲಿಲ್ಲ. ಆದರೂ ಏಳಲಿಲ್ಲ.