ಎರಡು ದಂಡೆಯ ಊರು

ನಮ್ಮೂರು ಶರಾವತಿಯ ಎರಡೂ ದಂಡೆಗೆ ಹರಡಿಕೊಂಡಿತ್ತು. ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೇರಿಕೊಂಡು ಬರುತ್ತಿದ್ದ ಗಾಡಿಗಳು ಹಿಂದೆ ಇಲ್ಲೇ ಹೊಳೆ ದಾಟುತ್ತಿದ್ದವಂತೆ. ಹಾಗಾಗಿ ಆಚೆ ದಂಡೆಯಲ್ಲಿ ಅಂಗಡಿಕೇರಿ ಬೆಳೆಯಿತು. ಈಚೆ ನಾವು, ಗೇಣಿ ಒಕ್ಕಲುಗಳು. ಅವರಿಗೆ ನಾವು ಕೆಸರು ಮೆತ್ತಿದ ದಡ್ಡರು. ನಮಗೆ ಅವರು ತಕ್ಕಡಿ ಕಳ್ಳರು. ಹಾಗೆಂದು ಹೆಣ್ಣು ಕೊಟ್ಟು ತರುವುದೇನೂ ನಿಂತಿರಲಿಲ್ಲ. ನನ್ನ ಅಕ್ಕನನ್ನು ಕೊಟ್ಟಿದ್ದು ಆಚೆಯ ಚಾದಂಗಡಿಯ ಮನೆಗೆ.

ಬೇಸಿಗೆಯಲ್ಲಿ ಹೊಳೆ ಬಡವಾಗುತ್ತಿತ್ತು. ಅವ್ವ ಈ ಕಡೆ ಬಟ್ಟೆ ಒಗೆಯಲು ಇಳಿದರೆ ಅಕ್ಕ ಆ ಕಡೆ ಇಳಿಯುತ್ತಿದ್ದಳು.

"ಇವತ್ತೇನ್ ಸಾರೇ?" ಅವ್ವ ಕೂಗುತ್ತಿದ್ದಳು.

"ಹಲಸಿನಕಾಯಿ ಹುಳಿ ಕಣವ್ವಾ! ದೋಣೀಲಿ ಕಳಿಸ್ಲಾ?"

"ಬ್ಯಾಡ ಮಾರಾಯ್ತಿ, ನಿನ್ನತ್ತೆ ಬೈತಾಳೆ!"

ಆ ಅತ್ತೆ ಅಕ್ಕನ ಪಕ್ಕದ ಕಲ್ಲಿನ ಮೇಲೇ ಕೂತಿರುತ್ತಿದ್ದಳು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳತೊಡಗಿದಾಗ ಎರಡೂ ದಂಡೆ ಮುಳುಗುತ್ತವೆಂದು ತಿಳಿಯಿತು. ಎಲ್ಲರೂ ಕೂಡಿ ಒಂದೇ ಕಡೆ ಜಾಗ ಕೇಳೋಣವೆಂದು ಮೇಷ್ಟ್ರು ಶಾಲೆಯಲ್ಲಿ ಸಭೆ ಕರೆದರು. ಅಕ್ಕನ ಮಾವನೇ ಮೊದಲು ಬಾಯಿ ತೆಗೆದ: "ಅಲ್ಲಿಗೂ ಇವ್ರನ್ನ ಕಟ್ಕೊಂಡು ಹೋಗ್ಬೇಕಾ?"

ಅಪ್ಪ ಧಡಕ್ಕನೆ ಎದ್ದ. "ನಿಮ್ಮ ನೆರಳೂ ನಮಗೆ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅಪ್ಪಯ್ಯ, ಸುಮ್ನಿರು" ಅಂದಳು. ಹೆಂಗಸಿನ ಮಾತು ಯಾರಿಗೆ ಬೇಕಿತ್ತು? ಅವರು ಹೊಸನಗರದ ಕಡೆ ಹೋದರು, ನಾವು ಸಾಗರದ ಕಡೆ ಬಂದೆವು. ನಡುವೆ ನೀರು ತುಂಬಿಕೊಂಡಿತು.

ಹೊಸ ಜಾಗದಲ್ಲಿ ಅವ್ವ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಬಾಯಿ ಬಿಡದೆ. ಒಂದು ಮಳೆಗಾಲ ಜ್ವರ ಹಿಡಿದು ಮಲಗಿದಳು. ಅಕ್ಕನಿಗೆ ಹೇಳಿ ಕಳಿಸಿದೆವು. ಗಾಳಿಮಳೆಗೆ ಹಿನ್ನೀರು ದಾಟಿಸುವ ಲಾಂಚು ನಿಂತಿತ್ತು. ಅವಳು ಸುತ್ತು ಹಾದಿಯಲ್ಲಿ ಬಸ್ಸಿಂದ ಬಸ್ಸಿಗೆ ಹತ್ತಿಳಿದು ಬಂದು ಮುಟ್ಟುವಷ್ಟರಲ್ಲಿ ಅವ್ವನನ್ನು ಸುಟ್ಟಾಗಿತ್ತು.

ಅಕ್ಕ ಅಳಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಪ್ಪನ ಎದುರು ನಿಂತಳು.

"ನೀನೂ ಗೆದ್ದೆ, ನಮ್ಮ ಮಾವನೂ ಗೆದ್ರು. ಆಯ್ತಲ್ಲ?"

ನಾನು ನೀರು ತಂದುಕೊಟ್ಟೆ. ಅದನ್ನು ಮುಟ್ಟದೆ ಅವಳು ಒದ್ದೆ ಸೀರೆಯಲ್ಲೇ ಬಸ್ಸಿನ ದಾರಿ ಹಿಡಿದಳು.

ಈಗ ಮದುವೆ ಮನೆಗಳಲ್ಲಿ ಆ ಕಾಲದವರು ಸಿಗುತ್ತಾರೆ. "ಎಂಥಾ ಊರು ಅದು, ಎಲ್ಲಾ ಒಂದೇ ಮನೆಯವ್ರ ಹಂಗಿದ್ವಿ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಎಲೆ ಮಡಚಿ ಎದ್ದುಬಿಡುತ್ತೇನೆ.