ಅಕ್ಕನ ಪುಸ್ತಕದ ಬ್ರಾಕೆಟ್ಟುಗಳು

ಬ್ರಾಕೆಟ್ ಹಾಕಿಸುವುದರಲ್ಲಿ ನನ್ನನ್ನು ಮೀರಿಸುವವರು ನಂಜನಗೂಡು ತಾಲ್ಲೂಕಿನಲ್ಲೇ ಇಲ್ಲ ಎಂದು ನನಗೊಂದು ಜಂಬವಿತ್ತು. ನಾನು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಹಳ್ಳಿ ಶಾಲೆಯಲ್ಲಿ, ಪಾಠ ಮುಗಿಯುತ್ತಲೇ ಮಕ್ಕಳು ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದರು. ಒಂದನೇ ಪ್ರಶ್ನೆಯ ಉತ್ತರ ಇಲ್ಲಿಂದ ಇಲ್ಲಿಯವರೆಗೆ ಎಂದು ನಾನು ಹೇಳುವುದು, ಅಷ್ಟು ಸಾಲಿಗೆ ಅವರು ಬ್ರಾಕೆಟ್ ಹಾಕಿಕೊಳ್ಳುವುದು. ಪರೀಕ್ಷೆಯಲ್ಲಿ ಅದನ್ನೇ ಬರೆದರೆ ಪೂರ್ತಿ ಅಂಕ. ಕತೆಯಲ್ಲಿ ಏನಾಯಿತು ಎಂದು ಕೇಳಿದರೆ ಮಾತ್ರ ಒಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಕೇಳುತ್ತಿದ್ದವರಾದರೂ ಯಾರು? ನಾನಂತೂ ಅಲ್ಲ.

ಆಮೇಲೆ ಒಂದು ತರಬೇತಿಗೆ ಹೋಗಿ ಬಂದೆ. ಓದುವಾಗ ಮಕ್ಕಳು ತಾವೇ ಪ್ರಶ್ನೆ ಕೇಳಿಕೊಳ್ಳಬೇಕು, ಅದನ್ನು ಪುಟದ ಅಂಚಿನಲ್ಲಿ ಬರೆದಿಡಬೇಕು, ಆಗಲೇ ಓದಿದ್ದು ಅರ್ಥವಾಗುವುದು ಎಂದರು. ನನಗೆ ಎಲ್ಲಿಲ್ಲದ ಹುರುಪು. ಮರುದಿನವೇ ಏಳನೇ ತರಗತಿಗೆ ಹೋಗಿ, ಎಲ್ಲರೂ ಬ್ರಾಕೆಟ್ ಅಳಿಸಿ ಎಂದೆ. ಆ ವರ್ಷ ಹೊಸ ಪುಸ್ತಕ ಬರುವುದು ತಡವಾಗಿ, ಎಲ್ಲರ ಕೈಯಲ್ಲೂ ಅಕ್ಕ ಅಣ್ಣಂದಿರ ಹಳೆಯ ಪುಸ್ತಕಗಳೇ ಇದ್ದವು. ಬೆಂಚಿನ ಮೇಲೆಲ್ಲ ರಬ್ಬರಿನ ಪುಡಿ.

ಒಬ್ಬಳು ಮಾತ್ರ ಪುಸ್ತಕವನ್ನು ಎದೆಗವಚಿಕೊಂಡು ಕೂತಳು. ಅವಳ ಅಕ್ಕನೂ ನನ್ನ ಹತ್ತಿರವೇ ಓದಿದವಳು. ಆ ಬೇಸಿಗೆಯಲ್ಲಿ ಮದುವೆಯಾಗಿ ಹೆಮ್ಮಿಗೆಗೆ ಹೋಗಿದ್ದಳು.

“ನಮ್ಮಕ್ಕ ಬರ್ದಿರೋದು ಮಿಸ್. ಅಳಿಸ್ಬ್ಯಾಡಿ.”

ನನಗೆ ಕೋಪ ಮೂಗಿನ ತುದಿಯಲ್ಲೇ. ಪುಸ್ತಕ ಕಿತ್ತುಕೊಂಡು ನಾನೇ ಬರಬರನೆ ಉಜ್ಜಿದೆ. ಬ್ರಾಕೆಟ್ಟಿನ ಜೊತೆಗೆ ಅಂಚಿನಲ್ಲಿದ್ದ ಪೆನ್ಸಿಲ್ ಗೀಚನ್ನೂ ಬಿಡಲಿಲ್ಲ. ಆ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಮೂರು ಪಾಠ ಮುಗಿಸಿ ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು. ದುಡ್ಡಿಲ್ಲದ ಅಜ್ಜಿಯೊಬ್ಬಳನ್ನು ಅಂಬಿಗ ಹೊಳೆ ದಾಟಿಸುವ ಕತೆ ಅದು. ಅಂಬಿಗ ಎಂಥವನು ಎಂಬ ಪ್ರಶ್ನೆಗೆ ನಾನೇ ಹಾಕಿಸಿದ್ದ ಬ್ರಾಕೆಟ್ಟಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಅಜ್ಜಿ ವಾಪಸ್ ಹೆಂಗೆ ಬಂದಳು?’

ತರಬೇತಿಯಲ್ಲಿ ಹೇಳಿದ್ದನ್ನು ಆ ಅಕ್ಕ ಯಾರೂ ಹೇಳಿಕೊಡದೆ ನನ್ನ ಕ್ಲಾಸಿನಲ್ಲೇ ಕೂತು ಮಾಡಿದ್ದಳು. ಒಂದು ದಿನವೂ ಬಾಯಿ ಬಿಟ್ಟು ಕೇಳಿರಲಿಲ್ಲ. ನಾನು ಕೇಳಲು ಬಿಟ್ಟಿದ್ದರೆ ತಾನೆ! ಬೇರೇನೂ ತೋಚದೆ ಅದೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ. ಅಂಬಿಗ ಸಾಯಂಕಾಲದವರೆಗೆ ಕಾದಿರುತ್ತಾನೆ ಎಂದು ಒಬ್ಬ, ಆ ದಡದಲ್ಲಿ ಮಗಳ ಮನೆ ಇರಬೇಕು, ಅಜ್ಜಿ ಅಲ್ಲೇ ಉಳಿದಳು ಎಂದು ಇನ್ನೊಬ್ಬಳು, ಜಗಳವೋ ಜಗಳ. ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಅಂಥ ಪೀರಿಯಡ್ಡು ನನ್ನ ಸರ್ವಿಸಿನಲ್ಲಿ ಮತ್ತೆ ಸಿಗಲಿಲ್ಲ, ಈಗಲೂ ಅದಕ್ಕಾಗಿ ಆಸೆಪಡುತ್ತೇನೆ.

ಮೊನ್ನೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಅಕ್ಕ ಸಿಕ್ಕಿದ್ದಳು, ಕಂಕುಳಲ್ಲಿ ಮಗು. ಅವಳ ಪ್ರಶ್ನೆ ಎಬ್ಬಿಸಿದ ಗಲಾಟೆಯನ್ನು ಹೇಳಿದೆ. ತಂಗಿಯಿಂದ ಮೊದಲೇ ಕೇಳಿದ್ದಳಂತೆ. ಆದರೂ ನನ್ನ ಬಾಯಲ್ಲಿ ಎರಡೆರಡು ಸಲ ಹೇಳಿಸಿಕೊಂಡು ನಕ್ಕಳು. ಇಷ್ಟು ವರ್ಷ ಒಳಗೇ ಕೊರೆಯುತ್ತಿದ್ದುದನ್ನು ಕೇಳಿಯೇ ಬಿಟ್ಟೆ: ಅದಕ್ಕೆ ಮುಂಚಿನ ಮೂರು ಪಾಠಗಳ ಅಂಚಿನಲ್ಲಿ ಏನೇನು ಬರೆದಿದ್ದೆ?

ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಯೋಚಿಸಿದಳು.

“ಗ್ಯಾಪಕ ಇಲ್ಲ ಮಿಸ್. ಉಜ್ಜೋಕ್ ಮುಂಚೆ ನೀವು ಓದ್ಲಿಲ್ವಾ?”

ಕುಟುಕಲು ಕೇಳಿದ್ದಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಇಲ್ಲ ಕಣಮ್ಮ, ಓದಲಿಲ್ಲ ಎಂದೆ.