ಬೆಕ್ಕಿಗೆ ಹೇಳಿದ ತಮಿಳು

ಚೆನ್ನೈಗೆ ಬಂದ ಮೊದಲ ವಾರವೇ ನಮ್ಮ ಮನೆಯೊಡತಿ ಮಾಮಿ ಬಾಗಿಲಲ್ಲಿ ನಿಂತು, ನನ್ನ ಮುಖವನ್ನೇ ನೋಡುತ್ತ, ಅಷ್ಟೂ ಹಲ್ಲು ಕಿರಿದು ತೋರಿಸಿದರು. ಆಮೇಲೆ ಬೆಕ್ಕಿನ ಕಡೆ ಕೈ ಮಾಡಿ, "ಪೂನೈಯ ಏಮ್ಮಾ ಇಳಿಕ್ಕ ಸೊಲ್ರೇ?" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಹೆದರಿ ನಾನೂ ಒಂದಿಷ್ಟು ಹಲ್ಲು ತೋರಿಸಿದೆ.

ಸಂಜೆ ಗಂಡ ಇನ್ಶೂರೆನ್ಸ್ ಆಫೀಸಿನಿಂದ ಬಂದು ವಿಚಾರಿಸಿದ ಮೇಲೆ ಗೊತ್ತಾಯಿತು. ಸೋಫಾ ಹತ್ತುವ ಬೆಕ್ಕಿಗೆ ನಾನು ದಿನವಿಡೀ "ಇಳಿ, ಇಳಿ" ಎಂದು ಗದರುತ್ತಿದ್ದೆ. ತಮಿಳಿನಲ್ಲಿ 'ಇಳಿ' ಎಂದರೆ ಹಲ್ಲು ಕಿರಿ. ಗದಗಿನಿಂದ ಬಂದ ಈ ಹುಡುಗಿ ಬೆಕ್ಕಿಗೆ ಯಾಕೆ ಹಲ್ಲು ಕಿರಿಯಲು ಹೇಳುತ್ತಾಳೆ ಎಂದು ಮಾಮಿ ಕೇಳಲು ಬಂದಿದ್ದರು.

ನಾವಿದ್ದ ವೇಳಚೇರಿ ಬಡಾವಣೆಗೆ ಆಗಿನ್ನೂ ರೈಲು ಬಂದಿರಲಿಲ್ಲ. ಮಾಮಿ ಮಹಡಿಯ ಮೇಲೆ, ನಾವು ಕೆಳಗೆ. ಸೋಫಾ ಅವರದು, ತೇಗದ್ದು, ಬೆತ್ತ ಹೆಣೆದದ್ದು, ಅವರ ಮದುವೆಯಲ್ಲಿ ಬಂದದ್ದು. ಮಹಡಿಯ ಮೆಟ್ಟಿಲು ಇಕ್ಕಟ್ಟಾದ್ದರಿಂದ ಕೆಳಗೇ ಉಳಿದಿತ್ತು. ಬೆಕ್ಕು ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು. ಗದಗಿನ ನಮ್ಮ ಮನೆಯಲ್ಲಿ ಬೆಕ್ಕು ಎಲ್ಲಿ ಕೂತರೂ ಕೇಳುವವರಿರಲಿಲ್ಲ, ಅಲ್ಲಿದ್ದದ್ದು ಕಟ್ಟೆ ಮತ್ತು ಜಮಖಾನೆ. ಇಲ್ಲಿ ಅದು ಬೆತ್ತಕ್ಕೆ ಉಗುರು ಮಸೆದರೆ ಮಾಮಿಯ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ದಿನ ಅವರು ನನ್ನ ಗಂಡನಿಗೆ ಖಡಾಖಂಡಿತ ಹೇಳಿಬಿಟ್ಟರು. ಪೊಂಗಲ್ ಹಬ್ಬದೊಳಗೆ ಬೆಕ್ಕು ಸರಿಹೋಗದಿದ್ದರೆ ಗೋಣಿಚೀಲದಲ್ಲಿ ಹಾಕಿ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಬಿಟ್ಟುಬರಬೇಕು.

"ಅವ್ರು ಹೇಳೋದು ಖರೆ ಐತಿ. ಅಲ್ಲಿ ಇಲಿ ಬೇಕಾದಷ್ಟು ಇರ್ತಾವ," ಎಂದರು ನನ್ನ ಗಂಡ.

"ನೀವು ಮುಂಜಾನೆ ಹೋದ್ರ ಸಂಜೀಗೆ ಬರ್ತೀರಿ. ಅಲ್ಲೀತನಾ ನಾ ಯಾರ ಕೂಡ ಮಾತಾಡ್ಲಿ?" ಎಂದೆ.

ವಾಸನೆಗೆ ಬೆಕ್ಕು ದೂರವಿರಲೆಂದು ಸೋಫಾದ ಮೇಲೆ ಕಿತ್ತಳೆ ಸಿಪ್ಪೆ ಇಟ್ಟೆ. ಬೆಕ್ಕು ಅದನ್ನು ಮೂಸಿ, ಪಕ್ಕಕ್ಕೆ ಸರಿದು ಮಲಗಿತು. ನೀರು ಚಿಮುಕಿಸಿದರೆ ನನ್ನನ್ನು ಕಂಡಾಗ ಮಾತ್ರ ಇಳಿಯುವುದನ್ನು ಕಲಿಯಿತು. ಈ ಊರಿನ ಬೆಕ್ಕಿಗೆ ಈ ಊರಿನ ಮಾತೇ ಬೇಕೇನೋ ಎಂದು ಗಂಡನಿಂದ 'ಎರಂಗು' ಎಂಬ ಶಬ್ದ ಕಲಿತೆ, ಇಳಿ ಎಂದರ್ಥ. ನಾನು ಗಟ್ಟಿಯಾಗಿ ಆಡಿದ ಮೊದಲ ತಮಿಳು ಅದು.

ಅದೇ ಹುರುಪಿನಲ್ಲಿ ಒಂದು ಬೆಳಿಗ್ಗೆ ತರಕಾರಿಗೆಂದು ಒಬ್ಬಳೇ ಬಸ್ಸು ಹತ್ತಿದೆ. ನನ್ನ ಸ್ಟಾಪು ಬಂದರೂ ಬಾಗಿಲಲ್ಲಿ ನಿಂತ ಹಿರಿಯರೊಬ್ಬರು ಸರಿಯಲಿಲ್ಲ. "ಎರಂಗು, ಎರಂಗು!" ಎಂದೆ, ಬೆಕ್ಕಿಗೆ ಹೇಳುವ ದನಿಯಲ್ಲೇ. ಅವರು ತಿರುಗಿ, "ಮರಿಯಾದೈಯಾ ಪೇಸುಮ್ಮಾ!" ಎಂದು ಗುಡುಗಿದರು. ಅಷ್ಟು ಮಾತ್ರ ಯಾರೂ ಅರ್ಥ ಹೇಳದೆಯೇ ತಿಳಿಯಿತು. ತರಕಾರಿ ತಾರದೆ ಮನೆಗೆ ಬಂದು ಗೋಡೆಗೆ ಒರಗಿ ಅತ್ತೆ.

ಅಳುವಿನ ಸದ್ದಿಗೆ ಮಾಮಿ ಇಳಿದು ಬಂದರು. ಕೈಸನ್ನೆ, ಕನ್ನಡ, ಎರಡು ತಮಿಳು ಶಬ್ದ ಎಲ್ಲ ಕೂಡಿಸಿ ನಡೆದದ್ದನ್ನು ಹೇಳಿದೆ. ಅವರು ಸೆರಗು ಬಾಯಿಗೊತ್ತಿಕೊಂಡು ನಕ್ಕರು, ನಗುತ್ತಲೇ ನನ್ನ ತಲೆ ಸವರಿದರು. "ಪೆರಿಯವಾಳುಕ್ಕು ಎರಂಗುಂಗೋ. ಪೂನೈಕ್ಕು ಎರಂಗು," ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ದೊಡ್ಡವರಿಗೊಂದು, ಬೆಕ್ಕಿಗೊಂದು. ಆಮೇಲೆ ಸೋಫಾ ತಟ್ಟಿ, "ಉಕ್ಕಾರು," ಎಂದರು, ಕೂತುಕೋ.

ಆ ಮನೆಗೆ ಬಂದು ಅಷ್ಟು ದಿನವಾಗಿದ್ದರೂ ನಾನು ಅದರ ಮೇಲೆ ಕೂತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ನನ್ನದಲ್ಲ ಎಂಬ ಅಳುಕು ಅಷ್ಟೇ. ಕೂತಾಗ ಕಿಟಕಿಯಿಂದ ಬಂದ ಸಮುದ್ರದ ಗಾಳಿ ಬೆತ್ತದ ಸಂದಿಯಿಂದ ಮೇಲೆದ್ದು ಬೆವೆತ ಬೆನ್ನಿಗೆ ತಾಗಿತು. ಬೆಕ್ಕು ಯಾಕೆ ಇಲ್ಲೇ ಬರುತ್ತದೆ ಎಂಬುದು ನನಗೆ ಆಗ ತಿಳಿಯಿತು.

ಮರುದಿನವೇ ಹಳೆಯ ಸ್ಟೂಲೊಂದನ್ನು ಅದೇ ಕಿಟಕಿಯ ಬಳಿ ಇಟ್ಟು, ಉಗುರು ಮಸೆಯಲೆಂದು ಕಾಲುಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಿದೆ. ಬೆಕ್ಕು ಸೋಫಾ ಹತ್ತಿದಾಗೆಲ್ಲ ಗದರದೆ "ಎರಂಗು" ಎಂದು ಎತ್ತಿ ಸ್ಟೂಲಿನ ಮೇಲಿಟ್ಟು, ಒಂದು ತುತ್ತು ಮೊಸರನ್ನ ಕೊಡುತ್ತಿದ್ದೆ. ಎಷ್ಟೋ ಸಲ ತಿಂದು ಮತ್ತೆ ಸೋಫಾಕ್ಕೇ ಹೋಯಿತು. ನಾನೂ ಬಿಡಲಿಲ್ಲ. ಮಧ್ಯಾಹ್ನ ಮಾಮಿ ತಮಿಳು ಹೇಳಿಕೊಡಲು ಬಂದಾಗ ಸೋಫಾದ ಮೇಲೆ ನಾವಿಬ್ಬರು, ಸ್ಟೂಲಿನ ಮೇಲೆ ಅದು. ಮೆಲ್ಲಗೆ ಸ್ಟೂಲಿಗೇ ಒಗ್ಗಿಕೊಂಡಿತು.

ಪೊಂಗಲ್ ದಿನ ಮಾಮಿ ಸಿಹಿ ಪೊಂಗಲ್ ತಂದು, ಬೆತ್ತದ ಮೇಲೆ ಕೈಯಾಡಿಸಿ ನೋಡಿದರು. ಸ್ಟೂಲಿನ ಮೇಲೆ ನಿದ್ದೆಹೋದ ಬೆಕ್ಕನ್ನೂ ನೋಡಿ "ಇರುಕ್ಕಟ್ಟುಂ," ಎಂದರು. ಇರಲಿ. ಅವರು ಮೇಲೆ ಹೋದ ಮೇಲೆ ನಾನು ಬೆಕ್ಕನ್ನು ಎದೆಗವಚಿಕೊಂಡು ಕುಣಿದೆ.

ಬೇಸಿಗೆಯಲ್ಲಿ ಗದಗಿಗೆ ಹೋದೆ. ನಮ್ಮೂರಿನ ಒಣ ಗಾಳಿ, ಬಿಸಿ ರೊಟ್ಟಿ, ಯಾರಿಗೂ ಅರ್ಥ ಹೇಳಬೇಕಿಲ್ಲದ ಮಾತು, ಎಲ್ಲ ಸಿಕ್ಕಿತು. ಮೂರನೆಯ ದಿನ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಮಾಮಿಯೊಂದಿಗೆ ಮಾತಾಡಿ ಬಂದೆ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಯಾರಿಗೆ ಫೋನ್ ಹಚ್ಚಿದ್ದಿ?"

"ಮನಿಗೆ," ಎಂದೆ.

ಅವ್ವನ ಕೈ ನಿಂತಿತು. "ಮತ್ತ ಇದು?"

ಅವಳು ಹಂಚಿನ ಮೇಲಿದ್ದ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿ, ಬೆಣ್ಣೆಯನ್ನು ನನ್ನ ಕಡೆ ಸರಿಸಿದಳು. "ಉಣ್ಣು, ಆರತದ."